ಮೂರನೆಯ ಬಾಟಲಿಯ ಸುಂಕ

ವಿದೇಶದ ಮದುವೆ, ಉಪನಯನ, ರಾಜ್ಯೋತ್ಸವದ ಆರ್ಡರುಗಳು ನಮ್ಮ ಉದ್ಯಮಕ್ಕೆ ಹೊಸತಲ್ಲ. ದುಬೈ, ಮಸ್ಕತ್, ಸಿಂಗಪುರಕ್ಕೆ ಭಟ್ಟರನ್ನೂ ಬಡಿಸುವ ಹುಡುಗರನ್ನೂ ಕರೆದುಕೊಂಡು ಹೋಗಿಬರುವ ಸದಸ್ಯರು ನಮ್ಮಲ್ಲಿದ್ದಾರೆ. ಹೋಗುವಾಗ ಮಸಾಲೆ ಪುಡಿಯಿಂದ ಹಿಡಿದು ಸೌಟಿನವರೆಗೆ ಪಟ್ಟಿ ಮಾಡುತ್ತೇವೆ. ಬರುವಾಗಿನ ಬ್ಯಾಗುಗಳಿಗೂ, ಮುಖ್ಯವಾಗಿ ವೈನ್ ಬಾಟಲಿಗಳಿಗೆ, ಅಂಥದೇ ಪಟ್ಟಿ ಬೇಕೆಂಬುದು ನಮ್ಮ ಅಭಿಪ್ರಾಯ.

ನಿಯಮ ಸರಳವಾಗಿದೆ. ಹೊರದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ವೈನ್, ವಿಸ್ಕಿ ಎಲ್ಲ ಸೇರಿ. ವೈನ್ ಬಾಟಲಿ ಸಾಮಾನ್ಯವಾಗಿ 750 ಮಿ.ಲೀ. ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು. ಮೂರನೆಯದು ಸೇರಿದರೆ ಎರಡೂಕಾಲು. ಮಿತಿ ದಾಟಿದ ಮದ್ಯಕ್ಕೆ ಬೇರೆ ಸಾಮಾನುಗಳಿಗಿರುವ ರಿಯಾಯಿತಿ ದರ ಸಿಗುವುದಿಲ್ಲ. ಸುಂಕವೇ ಸರಕಿನ ಬೆಲೆಯನ್ನು ಮೀರುತ್ತದೆ.

ಇಲ್ಲಿಂದ ಮುಂದೆ ಜಾಣತನ ಶುರುವಾಗುತ್ತದೆ. "ನಿಮ್ಮ ಹುಡುಗರು ಆರು ಮಂದಿ ಇದ್ದಾರಲ್ಲ, ತಲೆಗೆರಡು ಬಾಟಲಿ ಹಂಚಿಬಿಡಿ, ಮುಂಬಯಿಯಲ್ಲಿ ನಮ್ಮವರು ಬಂದು ತೆಗೆದುಕೊಳ್ಳುತ್ತಾರೆ" ಎಂದು ಪಾರ್ಟಿಯವರು ಕೇಳುವುದುಂಟು. ದೊಡ್ಡ ಗಿರಾಕಿ, ಇಲ್ಲವೆನ್ನಲು ಸಂಕೋಚ. ಆದರೆ 1962ರ ಕಸ್ಟಮ್ಸ್ ಕಾಯಿದೆಯ 79ನೇ ಕಲಮಿನ ವಿನಾಯಿತಿ ಇರುವುದು ಪ್ರಯಾಣಿಕನ ಮತ್ತು ಅವನ ಕುಟುಂಬದ ಬಳಕೆಗೆ, ಇಲ್ಲವೇ ನಿಜವಾದ ಉಡುಗೊರೆಗೆ. ಇನ್ನೊಬ್ಬರ ಮಾಲು ಹೊತ್ತು ತರುವುದಕ್ಕಲ್ಲ. ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಗೆ ಕೂಡಿಸಿ, ನಾಲ್ವರ ಬಾಟಲಿಗಳನ್ನು ಒಂದೇ ಪೆಟ್ಟಿಗೆಗೆ ತುಂಬಿ ತೋರಿಸುವಂತೆಯೂ ಇಲ್ಲ.

ಸಿಕ್ಕಿಬಿದ್ದರೆ ನಷ್ಟ ಯಾರಿಗೆ? ಪಾರ್ಟಿಯವರ ಹೆಸರು ಎಲ್ಲಿಯೂ ಬರುವುದಿಲ್ಲ, ಬಹುಪಾಲು ನಮ್ಮ ಹೆಸರೂ ಬರುವುದಿಲ್ಲ. ಬರುವುದು ಬಡಿಸುವ ಹುಡುಗನ ಪಾಸ್‌ಪೋರ್ಟಿನಲ್ಲಿರುವ ಹೆಸರು. ಮಾಲು ಮುಟ್ಟುಗೋಲು, ಬಿಡಿಸಿಕೊಳ್ಳಲು ದಂಡ, ಮೇಲೆ ಪೆನಾಲ್ಟಿ. ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರಿಸಲು ತಡವರಿಸುವ ಹುಡುಗನನ್ನು ಅಲ್ಲಿ ನಿಲ್ಲಿಸಿ, ಯಜಮಾನರು ಟ್ಯಾಕ್ಸಿ ಹತ್ತುವುದು ನಮ್ಮ ವೃತ್ತಿಗೆ ಶೋಭೆಯಲ್ಲ. ಯಜಮಾನರು ಹೇಳಿದ ಮೇಲೆ ಆತ ಒಲ್ಲೆ ಎನ್ನಲಾರ. ಆದ್ದರಿಂದ ಒಲ್ಲೆ ಎನ್ನಬೇಕಾದವರು ನಾವು.

ಸುಂಕ ವಿಪರೀತ, ಕಟ್ಟುವವರೇ ಪೆದ್ದರು ಎಂಬ ವಾದವಿದೆ. ವಿಪರೀತವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಸುಂಕ ಇಳಿಯುವುದು ವಾದ ಮಾಡಿದರೆ, ಬಚ್ಚಿಟ್ಟರಲ್ಲ. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದವನ್ನೇ ನೋಡಿ. ಬಾಟಲಿಗೆ 5 ಡಾಲರಿಗಿಂತ ಹೆಚ್ಚು ಬೆಲೆಯ ಅಲ್ಲಿನ ವೈನಿಗೆ 150 ಶೇಕಡಾ ಇದ್ದ ಆಮದು ಸುಂಕ ಅಂದೇ 100ಕ್ಕೆ, 15 ಡಾಲರ್ ಮೀರಿದ್ದಕ್ಕೆ 75ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅವು 50ಕ್ಕೆ ಮತ್ತು 25ಕ್ಕೆ ಇಳಿಯಬೇಕೆಂದು ಒಪ್ಪಂದವಾಗಿದೆ. ಇದು ವ್ಯಾಪಾರದ ಆಮದಿನ ಮಾತು, ಬ್ಯಾಗಿನದಲ್ಲ, ನಿಜ. ಆದರೂ ಮೇಜಿನ ಮುಂದೆ ಕುಳಿತು ಕೇಳಿದವರಿಗೇ ಅದು ದಕ್ಕಿತು.

ಇನ್ನೊಂದು ಮಾತು. ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ ಆ ವೈನನ್ನು ನಮ್ಮ ಪಂಗ್ತಿಯಲ್ಲಿ ಬಡಿಸುವ ಹಕ್ಕು ಬರುವುದಿಲ್ಲ. ಮದ್ಯ ರಾಜ್ಯಗಳ ವಿಷಯ. ಮುಂಬಯಿ, ಚೆನ್ನೈ, ದೆಹಲಿ, ಒಂದೊಂದು ಊರಿಗೆ ಒಂದೊಂದು ಅಬಕಾರಿ ನಿಯಮ. ಮಹಾರಾಷ್ಟ್ರದಲ್ಲಿ ಕುಡಿಯುವವರಿಗೇ ಪರ್ಮಿಟ್ ಬೇಕು. ಸಮಾರಂಭದ ಪರವಾನಗಿಯನ್ನು ಪಾರ್ಟಿಯವರು ತೋರಿಸದ ಹೊರತು ನಮ್ಮ ಹುಡುಗರು ಗ್ಲಾಸು ಮುಟ್ಟಕೂಡದೆಂದು ಆರ್ಡರ್ ಬರೆದುಕೊಳ್ಳುವಾಗಲೇ ಹೇಳುವುದು ಲೇಸು.

ಹಾಗಾದರೆ ಮಾಡಬೇಕಾದುದೇನು? ಅಂಗಡಿಯ ಬಿಲ್ಲನ್ನು ಬಾಟಲಿಯ ಜೊತೆಗೇ ಇಡಿ. ಮಿತಿ ಮೀರಿದ್ದರೆ ರೆಡ್ ಚಾನೆಲಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ, ಸುಂಕ ಕಟ್ಟಿ, ರಸೀದಿ ಪಡೆಯಿರಿ. ಸುಂಕ ದುಬಾರಿ ಎನಿಸಿದರೆ 80ನೇ ಕಲಮಿನಂತೆ, ಸರಿಯಾಗಿ ಘೋಷಿಸಿದ ಮಾಲನ್ನು ಕಸ್ಟಮ್ಸ್‌ನವರ ವಶದಲ್ಲೇ ಬಿಟ್ಟು, ಮುಂದೆ ದೇಶ ಬಿಡುವಾಗ ಹಿಂದಕ್ಕೆ ಪಡೆಯಲು ಕೇಳಿಕೊಳ್ಳಬಹುದು. ಹುಡುಗನಿಗೆ ಯಾರಾದರೂ ಪ್ರೀತಿಯಿಂದ ಒಂದು ಬಾಟಲಿ ಕೊಟ್ಟರೆ ಅದು ಅವನದು. ಅವನ ಎರಡು ಲೀಟರಿನ ಮೇಲೆ ಯಜಮಾನರಿಗೆ ಹಕ್ಕಿಲ್ಲ.

ವಿದೇಶದ ಆರ್ಡರ್ ಒಪ್ಪುವಾಗಿನ ಕರಾರಿನಲ್ಲಿ ಒಂದು ಸಾಲು ಸೇರಿಸಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ: "ನಮ್ಮ ಸಿಬ್ಬಂದಿ ಪಾರ್ಟಿಯವರ ಯಾವ ಸಾಮಾನನ್ನೂ ಹೊತ್ತು ತರುವುದಿಲ್ಲ." ಇಷ್ಟಕ್ಕೇ ಕೈಬಿಟ್ಟು ಹೋಗುವ ಗಿರಾಕಿ ಇದ್ದರೆ, ಹೋಗಲಿ ಬಿಡಿ. ಒಳ್ಳೆಯ ಬಡಿಸುವ ಹುಡುಗ ಸಿಗುವುದು ಅದಕ್ಕಿಂತ ಕಷ್ಟ.