ಕುಡಿದಿದ್ದ ಎಂದರೆ ಕಾನೂನು ಬಿಟ್ಟೀತೇ?

ರಾತ್ರಿ ಹನ್ನೊಂದಕ್ಕೆ ಠಾಣೆಯಿಂದ ಫೋನ್ ಬರುತ್ತದೆ. ನಿಮ್ಮ ಮಗ ಗೆಳೆಯರೊಂದಿಗೆ ಕುಡಿದು, ಅಂಗಡಿಯವನೊಬ್ಬನಿಗೆ ಹೊಡೆದಿದ್ದಾನೆ ಎನ್ನುತ್ತಾರೆ. ಮದ್ಯ ಹರಾಮ್ ಎಂದು ನಂಬಿ ಬದುಕುವ ಮನೆಯಲ್ಲಿ ಆಗ ಭಯಕ್ಕಿಂತ ಮೊದಲು ನಾಚಿಕೆ ಆವರಿಸುತ್ತದೆ. ನಾಲ್ಕು ಜನರಿಗೆ ತಿಳಿಯುವ ಮೊದಲು ಮುಗಿಸಿಬಿಡೋಣ ಎಂದು ತಂದೆ ಓಡುತ್ತಾರೆ. "ಸಾರ್, ಕುಡಿದಿದ್ದ, ಅವನಿಗೆ ಪ್ರಜ್ಞೆ ಇರಲಿಲ್ಲ" ಎಂದು ತಾಯಿ ಅಳುತ್ತಾಳೆ.

ಆದರೆ ಈ ಮಾತಿನಿಂದ ಹೆಚ್ಚು ಪ್ರಯೋಜನವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಮಿನ ಪ್ರಕಾರ, ಅಮಲಿನ ಕಾರಣಕ್ಕೆ ಹೊಣೆ ತಪ್ಪುವುದು ಒಂದೇ ಸಂದರ್ಭದಲ್ಲಿ: ಆತನಿಗೆ ತಿಳಿಯದಂತೆ ಅಥವಾ ಆತನ ಇಚ್ಛೆಗೆ ವಿರುದ್ಧವಾಗಿ ಅಮಲು ಪದಾರ್ಥ ಕೊಟ್ಟಿರಬೇಕು, ಅದರಿಂದ ತಾನೇನು ಮಾಡುತ್ತಿದ್ದೇನೆಂಬುದೇ ತಿಳಿಯದ ಸ್ಥಿತಿ ಬಂದಿರಬೇಕು. ಅದನ್ನು ಸಾಬೀತುಪಡಿಸುವ ಭಾರವೂ ಆರೋಪಿಯದ್ದೇ. ಗೆಳೆಯರು ಒತ್ತಾಯಿಸಿದರು ಎಂದಷ್ಟೇ ಹೇಳಿದರೆ ಸಾಲದು. ತಾನಾಗಿ ಕುಡಿದವನಿಗೆ, ಕುಡಿಯದವನಿಗಿರುವಷ್ಟೇ ತಿಳುವಳಿಕೆ ಇತ್ತೆಂದು ಕಾನೂನು ಭಾವಿಸುತ್ತದೆ. 1956ರ ಬಾಸ್‌ದೇವ್ ಪ್ರಕರಣದಲ್ಲಿ, ಮದುವೆಯೂಟದ ಹೊತ್ತಿಗೆ ಕೂರುವ ಜಾಗಕ್ಕಾಗಿ ಬಾಲಕನೊಬ್ಬನಿಗೆ ಗುಂಡಿಕ್ಕಿದ ನಿವೃತ್ತ ಸೈನಿಕ ಜಮಾದಾರನು ಕುಡಿದಿದ್ದನೆಂಬುದು ನಿಜವಾಗಿದ್ದರೂ ಸುಪ್ರೀಂ ಕೋರ್ಟ್ ಕೊಲೆಯ ಅಪರಾಧವನ್ನೇ ಎತ್ತಿಹಿಡಿಯಿತು. ಉದ್ದೇಶವನ್ನೇ ಹೊಂದಲಾಗದಷ್ಟು ಅಮಲಿದ್ದರೆ ಅಪರಾಧದ ತೀವ್ರತೆ ಕಡಿಮೆಯಾಗಬಹುದು, ಅಷ್ಟೆ.

ಹಾಗಾದರೆ ದಾರಿ ಯಾವುದು? "ಇದು ಮೊದಲ ತಪ್ಪು" ಎಂಬುದನ್ನು ಕಾನೂನು ನಿಜಕ್ಕೂ ಕೇಳಿಸಿಕೊಳ್ಳುತ್ತದೆ. 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧವಲ್ಲದಿದ್ದರೆ, ನ್ಯಾಯಾಲಯ ಆತನನ್ನು ಜೈಲಿಗೆ ಕಳಿಸದೆ, ಗರಿಷ್ಠ ಮೂರು ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಗಾಯಗೊಂಡವರಿಗೆ ಪರಿಹಾರ ಕೊಡಿಸಲೂಬಹುದು. ಇಪ್ಪತ್ತೊಂದು ತುಂಬದವನಾದರೆ 6ನೇ ಕಲಮು ಇನ್ನೂ ಬಲವಾದದ್ದು: ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳದೆ, ಕಾರಣ ಬರೆಯದೆ, ಜೈಲು ಶಿಕ್ಷೆ ಕೊಡುವಂತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಹೊಡೆದಾಟದ ದಿನದ ವಯಸ್ಸಲ್ಲ, ವಿಚಾರಣಾ ನ್ಯಾಯಾಲಯ ಶಿಕ್ಷೆ ತೀರ್ಮಾನಿಸುವ ದಿನದ ವಯಸ್ಸು. ಸುಮ್ಮನೆ ವಾಯಿದೆ ಕೇಳುತ್ತಾ ಹೋದರೆ ಈ ರಕ್ಷಣೆ ಕೈತಪ್ಪಬಹುದು.

ಅದಕ್ಕೂ ಮೊದಲು ರಾಜಿಯ ಬಾಗಿಲಿದೆ. ಸಾಧಾರಣ ಪೆಟ್ಟಾಗಿದ್ದರೆ ಪೆಟ್ಟು ತಿಂದವರೇ ರಾಜಿಯಾಗಬಹುದು, ಮೂಳೆ ಮುರಿದಂತಹ ತೀವ್ರ ಗಾಯವಾದರೆ ನ್ಯಾಯಾಲಯದ ಅನುಮತಿಯೂ ಬೇಕು. ರಾಜಿಯ ಪರಿಣಾಮ ಖುಲಾಸೆಯೇ. ತಪ್ಪೊಪ್ಪಿಕೊಂಡು ದಂಡ ಕಟ್ಟುವುದು ಹಾಗಲ್ಲ. ಅವಸರದಲ್ಲಿ ಬಹಳ ಮನೆಯವರು ಇದನ್ನೇ ಮಾಡುತ್ತಾರೆ, ದಂಡ ಸಣ್ಣದಾದರೂ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ. ವಕೀಲರೊಡನೆ ಮಾತಾಡದೆ ಒಪ್ಪಿಕೊಳ್ಳಬೇಡಿ. ಗಲ್ಫ್ ಕೆಲಸದ ಕನಸಿರುವವರು ಇನ್ನೊಂದನ್ನೂ ತಿಳಿದಿರಿ: ಕ್ರಿಮಿನಲ್ ಪ್ರಕರಣ ಬಾಕಿ ಇರುವಾಗ ಪಾಸ್‌ಪೋರ್ಟ್ ನಿರಾಕರಿಸಬಹುದು, ಆಗ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ.

ಕುಡಿದು ವಾಹನ ಓಡಿಸಿದ ಪ್ರಕರಣವೇ ಬೇರೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ. ಈ ಆರೋಪದಲ್ಲಿ ವಾರಂಟ್ ಇಲ್ಲದೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಬಂಧನದ ಸಮಯವನ್ನು ಬರೆದಿಟ್ಟುಕೊಳ್ಳಿ. ಆದರೆ ಜೀವ ಹೋಗಿದ್ದರೆ "ಮೊದಲ ತಪ್ಪು" ಎಂಬ ಮಾತಿಗೆ ಬೆಲೆ ಕಡಿಮೆ. ನಿರ್ಲಕ್ಷ್ಯದ ಚಾಲನೆಯಿಂದ ಸಾವು ಸಂಭವಿಸಿದ ಪ್ರಕರಣದಲ್ಲಿ ಪ್ರೊಬೇಷನ್ ಸಲ್ಲದೆಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ಸರಿಯೆಂದೇ ನನಗನ್ನಿಸುತ್ತದೆ, ಸತ್ತವರಿಗೂ ಮನೆಯಿರುತ್ತದಲ್ಲ.

ವಕೀಲರ ಶುಲ್ಕ ಕೊಡಲಾಗದಿದ್ದರೆ ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆಗಿರಲಿ, ಜನ್ಮದಿನಾಂಕಕ್ಕೆ ಅದೇ ಆಧಾರ.