ನಕಲಿ ಸಿಮ್: ಮೊಬೈಲ್ ಕಂಪನಿಯ ಹೊಣೆಯೇನು?

ಮೊಬೈಲ್ ಹಠಾತ್ತನೆ ಸ್ತಬ್ಧವಾದರೆ ನೆಟ್‌ವರ್ಕನ್ನು ಶಪಿಸಿ ಸುಮ್ಮನಾಗುತ್ತೇವೆ. ಅಷ್ಟರಲ್ಲಿ ನಮ್ಮ ಸಂಖ್ಯೆಯ ನಕಲಿ ಸಿಮ್ ಅನ್ಯರ ಕೈಸೇರಿ, ಬ್ಯಾಂಕಿನ ಒಟಿಪಿ ಅವರಿಗೆ ತಲುಪುತ್ತಿರಬಹುದು.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಬ್ಯಾಂಕುಗಳ ಹೊಣೆಯನ್ನು ನಿಗದಿಪಡಿಸಿತೇ ಹೊರತು ಸಿಮ್ ಕೊಟ್ಟವರನ್ನು ಮುಟ್ಟಲಿಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 46ನೇ ಕಲಮಿನಡಿ ರಾಜ್ಯದ ಐಟಿ ಕಾರ್ಯದರ್ಶಿಯವರು 5 ಕೋಟಿ ರೂಪಾಯಿವರೆಗಿನ ಪರಿಹಾರದ ದೂರುಗಳನ್ನು ವಿಚಾರಿಸಬಲ್ಲರು. 2013ರಲ್ಲಿ ಪುಣೆಯ ಉದ್ಯಮಿಯೊಬ್ಬರಿಗೆ 45 ಲಕ್ಷ ರೂ. ಕೊಡುವಂತೆ ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಆದೇಶವಾದದ್ದು ಈ ಮಾರ್ಗದಲ್ಲೇ. 2021ರಲ್ಲಿ ರಾಜಸ್ಥಾನವು ನಕಲಿ ಸಿಮ್ ಪ್ರಕರಣದಲ್ಲಿ ವೊಡಾಫೋನ್ ಐಡಿಯಾ ಕಂಪನಿಯೇ 27 ಲಕ್ಷಕ್ಕೂ ಮಿಕ್ಕಿದ ಹಣ ತೆರಬೇಕೆಂದಿತು.

ಗುರುತು ಪರಿಶೀಲಿಸದ ಅಂಗಡಿಯ ತಪ್ಪಿಗೆ ಗ್ರಾಹಕನೇ ಮುಂಬಯಿಯ ಮಂತ್ರಾಲಯಕ್ಕೆ ಅಲೆಯಬೇಕಾದದ್ದು ವಿಷಾದಕರ. ಆದರೂ ಹಣ ಹೋದೊಡನೆ 1930ಕ್ಕೆ ಕರೆಮಾಡಿ, ಸಿಮ್ ಬದಲಾವಣೆಯ ದಾಖಲೆಯನ್ನು ಕಂಪನಿಯಿಂದ ಲಿಖಿತವಾಗಿ ಕೇಳಿರಿ. ದೂರಿಗೆ ಅದೇ ಆಧಾರ.