ಮಾತಿನ ಕ್ಲಾಸಲ್ಲಿ ಮಾತಾಡೋರು ಯಾರು? (ಭಾಗ 3)

ಹೋದ ಪೋಸ್ಟ್‌ಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಇದೇ: "ಸ್ಟೇಜ್ ಅಂದ್ರೆ ಕೈಕಾಲು ನಡುಗುತ್ತೆ, ಯಾವ ಕ್ಲಾಸಿಗೆ ಸೇರ್ಲಿ?" ಅಪ್ಪನ ಹತ್ರ ಫೀಸ್ ಕೇಳೋಕೆ ಮುಂಚೆ ಆ ಕ್ಲಾಸಿನವರನ್ನ ಒಂದು ಮಾತು ಕೇಳಿ: ಇಲ್ಲಿ ನಾನು ಎಷ್ಟು ನಿಮಿಷ ಮಾತಾಡ್ತೀನಿ?

ನಾವು ಬಿಕಾಂನವರು, ಲೆಕ್ಕ ಹಾಕೋಣ. 60 ಜನರ ಬ್ಯಾಚ್, 2 ಗಂಟೆ ಕ್ಲಾಸ್. ಟ್ರೈನರ್ ಬಾಯೇ ತೆರೆಯಲಿಲ್ಲ ಅಂದ್ಕೊಂಡ್ರೂ ನಿಮ್ಮ ಪಾಲಿಗೆ 2 ನಿಮಿಷ. ಆದ್ರೆ ಅವರು ತೆರೀತಾರೆ. ತೆರೆದ ಮೇಲೆ ಮುಚ್ಚೋದೇ ಇಲ್ಲ! ಪಿಪಿಟಿ, ಬಾಡಿ ಲ್ಯಾಂಗ್ವೇಜ್, ಕೊನೆಗೊಂದು ಸರ್ಟಿಫಿಕೇಟ್. ಬದಲಿಗೆ 8 ಜನ ಸೇರಿ ವಾರಕ್ಕೊಂದು ಗಂಟೆ ಕೂತ್ರೆ ತಲೆಗೆ ಏಳೂವರೆ ನಿಮಿಷ, 12 ವಾರಕ್ಕೆ ಒಂದೂವರೆ ಗಂಟೆ. ಖರ್ಚು? ಟೀ. (10 ಜನರ ಬ್ಯಾಚ್ ಇಟ್ಟು ಎಲ್ಲರನ್ನೂ ಮಾತಾಡಿಸೋ ಮೇಷ್ಟ್ರು ಸಿಕ್ಕಿದ್ರೆ ಖಂಡಿತ ಸೇರಿ, ನನ್ನ ತಕರಾರಿಲ್ಲ.)

ಇದು ಹೊಸ ಐಡಿಯಾ ಏನಲ್ಲ. 1924ರಲ್ಲಿ ರಾಲ್ಫ್ ಸ್ಮೆಡ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ನಡೆಯೋದೇ ಹೀಗೆ. ಪಾಠ ಹೇಳೋ ಮೇಷ್ಟ್ರಿರಲ್ಲ. ಒಬ್ಬರು ಮಾತಾಡ್ತಾರೆ, ಒಬ್ಬರು ಟೈಮ್ ನೋಡ್ತಾರೆ, ಒಬ್ಬರು "ಆ...", "ಅಂ..." ಎಷ್ಟು ಸಲ ಬಂತು ಅಂತ ಎಣಿಸ್ತಾರೆ, ಇನ್ನೊಬ್ಬರು ಚೆನ್ನಾಗಿದ್ದದ್ದು, ತಿದ್ದಬೇಕಾದ್ದು ಎರಡನ್ನೂ ಎದುರಿಗೇ ಹೇಳ್ತಾರೆ. ಬೇರೆಯವರ "ಆ" ಎಣಿಸ್ತಾ ಕೂತವರಿಗೆ ತಮ್ಮದೂ ಕೇಳಿಸೋಕೆ ಶುರುವಾಗುತ್ತೆ.

ಅಷ್ಟು ದೂರ ಯಾಕೆ, ನಮ್ಮ ಕರಾವಳಿಯ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಬಾಯಿಪಾಠದ ಡೈಲಾಗ್ ಇಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಕೂಡಲೇ ಅರ್ಥಧಾರಿ ಮಾತು ಕಟ್ಟಬೇಕು, ಎದುರಿನವರು ಪ್ರಶ್ನೆ ಎಸೆದರೆ ಅಲ್ಲೇ ಉತ್ತರಿಸಬೇಕು. ಬಾಣ ಬಿದ್ದ ವಾಲಿ ರಾಮನನ್ನ ಪ್ರಶ್ನೆ ಮಾಡೋ ಜಾಗ ಕೇಳಿದ್ದೀರಾ? ಯಾವ ಗ್ರೂಪ್ ಡಿಸ್ಕಷನ್ನೂ ಅದರ ಮುಂದೆ ಸಪ್ಪೆ. ಹಾಗೆ ಮಾತಾಡೋರು ಸ್ಲೈಡ್ ನೋಡಿ ಕಲಿತವರಲ್ಲ. ಸಂಘದ ಕೂಟಗಳಲ್ಲಿ ಸಣ್ಣ ಅರ್ಥ ಹೇಳ್ತಾ, ಹಿರಿಯರ ಎದುರು ಕೂತು ಪಳಗಿದವರು.

ಇನ್ನೊಂದು ಸಿಟ್ಟು ಇದೆ. ಕಮ್ಯುನಿಕೇಶನ್ ಅಂದ್ರೆ ಇಂಗ್ಲಿಷ್ ಅಂತ ತೀರ್ಮಾನ ಮಾಡಿದ್ದು ಯಾರು? ಡೆಬಿಟ್, ಕ್ರೆಡಿಟ್ ಅಂದ್ರೇನು ಅಂತ ಅಮ್ಮನಿಗೆ ಕನ್ನಡದಲ್ಲೇ 2 ನಿಮಿಷ ಹೇಳಿ ನೋಡಿ. ಅಲ್ಲೂ ತಡವರಿಸಿದ್ರೆ ತಪ್ಪು ಇಂಗ್ಲಿಷಿನದ್ದಲ್ಲ, ಕೇಳೋರಿಗೆ ಅರ್ಥವಾಗೋ ಕ್ರಮದಲ್ಲಿ ಹೇಳಿ ಅಭ್ಯಾಸ ಇಲ್ಲ ಅಷ್ಟೆ. ಇಂಟರ್‌ವ್ಯೂಗೆ ಇಂಗ್ಲಿಷ್ ಬೇಕು, ಒಪ್ತೀನಿ. ಆದ್ರೆ ಅದು ಬೇರೆ ಖಾತೆ, ಇದರ ಎಂಟ್ರಿ ಅಲ್ಲಿ ಪೋಸ್ಟ್ ಮಾಡ್ಬೇಡಿ.

"ಫ್ರೆಂಡ್ಸ್ ಮುಂದೆ ಮಾತಾಡಿದ್ರೆ ನಗ್ತಾರೆ" ಅಂತೀರಿ. ನಗ್ತಾರೆ, ನಿಜ. ಇಂತಹ ಗುಂಪುಗಳು ಮುರಿಯೋದೂ ಅಲ್ಲೇ. ಅದಕ್ಕೇ ನಮ್ಮಲ್ಲಿ ಎರಡು ರೂಲ್: ಒಬ್ಬರು ಮಾತಾಡುವಾಗ ಫೋನ್ ಬ್ಯಾಗಲ್ಲಿ, ನಕ್ಕವರು ಮುಂದಿನ ಸರದಿ.

ಗುರುವಾರ, ಕೊನೇ ಪೀರಿಯಡ್ ಆದ್ಮೇಲೆ, ಆಡಿಟೋರಿಯಂ ಮೆಟ್ಟಿಲು. 5 ಜನ ಇದ್ದೀವಿ, ಇನ್ನು 3 ಬೇಕು. ಮೊದಲ ವಿಷಯ: ನಿಮ್ಮೂರ ಬಸ್ಸು. ಬರೋರು ಕಾಮೆಂಟಲ್ಲಿ ಹೆಸರು ಹಾಕಿ.